ಹೊಸ ಬಿಡಿಭಾಗ ಸೇರಿದ ಮೇಲೆ ಗಣಕಯಂತ್ರ ತಡವಾಗಿ ಏಳುವುದೇಕೆ?

ಗಣಕಯಂತ್ರಕ್ಕೆ ಹೊಸ ಬಿಡಿಭಾಗವೊಂದನ್ನು ಜೋಡಿಸುವುದು ಸಾಮಾನ್ಯವಾಗಿ ಅದರ ವೇಗ ಹೆಚ್ಚಲೆಂಬ ಆಸೆಯಿಂದ. ಹೆಚ್ಚುವರಿ ರ‍್ಯಾಮ್ ಇರಲಿ, ಎಸ್‌ಎಸ್‌ಡಿ ಇರಲಿ, ಎರಡನೆಯ ಹಾರ್ಡ್ ಡಿಸ್ಕ್ ಇರಲಿ, ಯಂತ್ರ ಮೊದಲಿಗಿಂತ ಚುರುಕಾಗಬೇಕೆಂಬುದೇ ನಿರೀಕ್ಷೆ. ಆದರೆ ಅರ್ಧ ನಿಮಿಷದಲ್ಲಿ ಸಿದ್ಧವಾಗುತ್ತಿದ್ದ ಯಂತ್ರ, ಹೊಸ ಭಾಗ ಒಳಸೇರಿದ ಮರುಕ್ಷಣದಿಂದಲೇ ಎರಡು ಮೂರು ನಿಮಿಷ ಕಪ್ಪು ಪರದೆಯನ್ನು ಮುಂದಿಟ್ಟುಕೊಂಡು ಕುಳಿತುಬಿಡುವ ಪ್ರಸಂಗ ಅಪರೂಪವೇನಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ನಂತರ ಹಳೆಯ ಯಂತ್ರಗಳನ್ನೇ ದುರಸ್ತಿಗೊಳಿಸಿ ವಿಂಡೋಸ್ 11 ಅಥವಾ ಲಿನಕ್ಸ್‌ಗೆ ಅಣಿಗೊಳಿಸಲು ಹೊರಟವರು ಈ ತೊಡಕನ್ನು ಎದುರಿಸುವ ಸಾಧ್ಯತೆ ಇನ್ನೂ ಹೆಚ್ಚು.

ಇಂಥ ಯಂತ್ರವನ್ನು ಅಂಗಡಿಗೆ ಕೊಂಡೊಯ್ದರೆ ದೊರೆಯುವ ಪರಿಹಾರ ಬಹುಪಾಲು ಒಂದೇ: ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸುವುದು. ರೋಗ ಪತ್ತೆಹಚ್ಚುವ ಶ್ರಮ ಉಳಿಯುತ್ತದೆಂಬುದೇ ಇದರ ಆಕರ್ಷಣೆ. ವಿಳಂಬಕ್ಕೆ ಕಾರಣ ವಿಂಡೋಸ್ ಆರಂಭವಾಗುವುದಕ್ಕೂ ಮೊದಲೇ ಇದ್ದ ಪಕ್ಷದಲ್ಲಿ ಫಾರ್ಮ್ಯಾಟ್‌ನಿಂದ ಕಾಸಿನಷ್ಟೂ ಪ್ರಯೋಜನವಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ತಡವಾದ ಚಾಲನೆ ಹಲವೊಮ್ಮೆ ಸಾಯುತ್ತಿರುವ ಡಿಸ್ಕ್ ನೀಡುವ ಮೊದಲ ಸೂಚನೆಯಾಗಿರುತ್ತದೆ. ಅದರೊಳಗೆ ಮನೆಯ ಛಾಯಾಚಿತ್ರಗಳೋ ವ್ಯಾಪಾರದ ಲೆಕ್ಕಪತ್ರಗಳೋ ಇದ್ದರೆ, ಬೇರೆ ಯಾವ ಪ್ರಯೋಗಕ್ಕೂ ಮುನ್ನ ಅವುಗಳ ಪ್ರತಿ ತೆಗೆದಿಟ್ಟುಕೊಳ್ಳತಕ್ಕದ್ದು.

ವಿಳಂಬ ಯಾವ ಘಟ್ಟದಲ್ಲಿ?

ಗಣಕದ ಚಾಲನೆ ಸ್ಥೂಲವಾಗಿ ಎರಡು ಘಟ್ಟಗಳಲ್ಲಿ ನಡೆಯುತ್ತದೆ. ಗುಂಡಿ ಒತ್ತಿದೊಡನೆ ಮದರ್‌ಬೋರ್ಡಿನ ಚಿಪ್ ಒಂದರಲ್ಲಿ ನೆಲೆಸಿರುವ ಫರ್ಮ್‌ವೇರ್ ಎಚ್ಚರಗೊಳ್ಳುತ್ತದೆ. 1981ರ ಐಬಿಎಂ ಪಿಸಿಯ ಮೂಲಕ ಪ್ರಸಿದ್ಧವಾದ ಬಯೋಸ್ ಎಂಬ ಹೆಸರೇ ಇದಕ್ಕೆ ಇಂದಿಗೂ ರೂಢಿಯಲ್ಲಿದೆಯಾದರೂ ಈಚಿನ ಯಂತ್ರಗಳಲ್ಲಿರುವುದು ಅದರ ಉತ್ತರಾಧಿಕಾರಿಯಾದ ಯುಇಎಫ್‌ಐ. ಅದು ರ‍್ಯಾಮ್, ಗ್ರಾಫಿಕ್ಸ್, ಡಿಸ್ಕ್, ಕೀಲಿಮಣೆ ಮುಂತಾದವುಗಳನ್ನು ಒಂದೊಂದಾಗಿ ಕರೆದು ಹಾಜರಿ ಹಾಕುತ್ತದೆ. ಹಾಜರಿ ಮುಗಿದ ಬಳಿಕ, ಯಾವ ಡಿಸ್ಕ್‌ನಲ್ಲಿ ಕಾರ್ಯಾಚರಣ ವ್ಯವಸ್ಥೆ ಇದೆಯೋ ಅದಕ್ಕೆ ಅಧಿಕಾರ ಹಸ್ತಾಂತರಿಸುತ್ತದೆ. ಅಲ್ಲಿಂದ ಎರಡನೆಯ ಘಟ್ಟ: ವಿಂಡೋಸ್ ಅಥವಾ ಲಿನಕ್ಸ್ ತನ್ನದೇ ಚಾಲಕ ತಂತ್ರಾಂಶಗಳ ನೆರವಿನಿಂದ ಅದೇ ಸಾಧನಗಳನ್ನು ಮತ್ತೊಮ್ಮೆ ಮಾತನಾಡಿಸುತ್ತದೆ. ಒಬ್ಬನೇ ಒಬ್ಬ ವಿದ್ಯಾರ್ಥಿ ಉತ್ತರ ಕೊಡಲು ತಡಮಾಡಿದರೂ ಇಡೀ ತರಗತಿ ಕಾಯಬೇಕಾದೀತು. ಹೊಸ ಬಿಡಿಭಾಗ ಮಾಡುವುದು ಹೆಚ್ಚುಕಡಿಮೆ ಇದನ್ನೇ.

ಆದುದರಿಂದ ಮೊಟ್ಟಮೊದಲು ತಿಳಿಯಬೇಕಾದುದು ಸಮಯ ವ್ಯಯವಾಗುತ್ತಿರುವುದು ಯಾವ ಘಟ್ಟದಲ್ಲಿ ಎಂಬುದನ್ನು. ಮದರ್‌ಬೋರ್ಡ್ ಅಥವಾ ಗಣಕ ತಯಾರಕರ ಲಾಂಛನ ಮೂಡುವುದಕ್ಕೇ ತಡವಾಗುತ್ತಿದ್ದರೆ, ಅಥವಾ ಲಾಂಛನ ಮೂಡಿದ ಮೇಲೂ ಸುತ್ತುವ ಚುಕ್ಕೆಗಳು ಕಾಣದೆ ಯಂತ್ರ ನಿಂತಿದ್ದರೆ ದೋಷ ಮೊದಲ ಘಟ್ಟದ್ದು. ಚುಕ್ಕೆಗಳು ಸುತ್ತುತ್ತಲೇ ಇದ್ದರೆ, ಇಲ್ಲವೇ ಗುಪ್ತಪದ ನೀಡಿದ ನಂತರ ಡೆಸ್ಕ್‌ಟಾಪ್ ಬರಲು ಕಾಯಬೇಕಾದರೆ ಎರಡನೆಯದ್ದು. ಕಣ್ಣಳತೆ ಸಾಲದೆಂಬವರಿಗೆ ವಿಂಡೋಸ್ 8ರಿಂದೀಚೆಗೆ ಒಂದು ಸೊಗಸಾದ ಅನುಕೂಲವಿದೆ. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟಪ್ ಎಂಬ ಪುಟಕ್ಕೆ ಹೋದರೆ, ಯುಇಎಫ್‌ಐ ಯಂತ್ರಗಳಲ್ಲಿ ಮೇಲ್ಭಾಗದ ಮೂಲೆಯಲ್ಲಿ ‘ಲಾಸ್ಟ್ ಬಯೋಸ್ ಟೈಮ್’ ಎಂಬ ಅಂಕಿ ಕಾಣುತ್ತದೆ. ಹಿಂದಿನ ಚಾಲನೆಯಲ್ಲಿ ಫರ್ಮ್‌ವೇರ್ ತೆಗೆದುಕೊಂಡ ಸೆಕೆಂಡುಗಳ ಲೆಕ್ಕ ಅದು. ಸಾಮಾನ್ಯ ಮೇಜುಗಣಕದಲ್ಲಿ ಇದು ಹತ್ತು ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿರುವುದುಂಟು. 40, 50 ದಾಟಿದ್ದರೆ ವಿಂಡೋಸನ್ನು ದೂರುವುದರಲ್ಲಿ ಅರ್ಥವಿಲ್ಲ.

ಅಳೆಯುವಾಗ ಒಂದು ಎಚ್ಚರಿಕೆ ಬೇಕು. 2012ರಲ್ಲಿ ಬಂದ ವಿಂಡೋಸ್ 8ರ ಕಾಲದಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಟು ಜಾರಿಯಲ್ಲಿದೆ. ಅದು ಸಕ್ರಿಯವಾಗಿರುವಾಗ ಶಟ್‌ಡೌನ್ ಮಾಡಿದರೂ ಯಂತ್ರ ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಚಾಲಕಗಳ ಸಮೇತ ಡಿಸ್ಕ್‌ಗೆ ಬರೆದಿಟ್ಟು, ಮರುದಿನ ಅದನ್ನೇ ಓದಿಕೊಂಡು ಏಳುತ್ತದೆ. ಹೀಗೆ ಬರೆದಿಟ್ಟ ಚಿತ್ರಕ್ಕೂ ಯಂತ್ರದೊಳಗೆ ಈಗಿರುವ ಸಾಧನಗಳಿಗೂ ತಾಳೆಯಾಗದಿದ್ದಾಗ ಗೊಂದಲ ಸಹಜ. ರೀಸ್ಟಾರ್ಟ್‌ಗೆ ಈ ಒಳದಾರಿ ಅನ್ವಯಿಸುವುದಿಲ್ಲವಾದ್ದರಿಂದ ಹೋಲಿಕೆಗೆ ರೀಸ್ಟಾರ್ಟ್ ಸಮಯವನ್ನೇ ಆಧಾರವಾಗಿ ಹಿಡಿಯುವುದು ಯುಕ್ತ. ಪೆಟ್ಟಿಗೆ ಬಿಚ್ಚುವ ಮೊದಲು ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಶಟ್‌ಡೌನ್ ಆಯ್ಕೆ ಮಾಡಿದರೆ ಯಂತ್ರ ನಿಜವಾಗಿಯೂ ಪೂರ್ಣವಾಗಿ ಮುಚ್ಚಿಕೊಳ್ಳುತ್ತದೆ. ಅನಂತರ ಗೋಡೆಯ ಸ್ವಿಚ್ಚನ್ನೂ ಆರಿಸಿ, ಗಣಕದ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕಬೇಕು.

ಹೊಸ ಸಾಧನ ಸೇರಿದ ಮೇಲಿನ ಮೊದಲ ಒಂದೆರಡು ಚಾಲನೆಗಳು ತಡವಾಗುವುದು ದೋಷವೇನಲ್ಲ. ಚಾಲಕ ತಂತ್ರಾಂಶಗಳು ಸ್ಥಾಪನೆಗೊಳ್ಳಬೇಕು, ಫರ್ಮ್‌ವೇರ್ ತನ್ನ ಪಟ್ಟಿಯನ್ನು ತಿದ್ದಿಕೊಳ್ಳಬೇಕು. ಮೂರನೆಯ, ನಾಲ್ಕನೆಯ ಬಾರಿಯೂ ಅದೇ ವಿಳಂಬವಾದಾಗ ಮಾತ್ರ ತನಿಖೆಗೆ ಇಳಿಯಬೇಕಾದೀತು.

ಡಿಸ್ಕ್‌ನ ಉತ್ತರಕ್ಕಾಗಿ ಕಾಯುವಿಕೆ

ಹೊಸ ಬಿಡಿಭಾಗಗಳಿಂದಾಗುವ ವಿಳಂಬದಲ್ಲಿ ಸಿಂಹಪಾಲು ಡಿಸ್ಕ್‌ಗಳದ್ದು. ಹಾರ್ಡ್ ಡಿಸ್ಕ್‌ನೊಳಗಿನ ತಟ್ಟೆಗಳು ಪೂರ್ಣ ವೇಗಕ್ಕೆ ಬರಲು ಕೆಲವು ಸೆಕೆಂಡುಗಳಾದರೂ ಬೇಕು. ಇದನ್ನರಿತೇ ಎಟಿಎ ಮಾನಕವು ಡಿಸ್ಕೊಂದು ಸಿದ್ಧಗೊಳ್ಳಲು 31 ಸೆಕೆಂಡುಗಳವರೆಗೆ ಅವಕಾಶ ಕೊಟ್ಟಿದೆ. ಆರೋಗ್ಯವಂತ ಡಿಸ್ಕ್ ಅಷ್ಟು ಹೊತ್ತು ತೆಗೆದುಕೊಳ್ಳದು. ಆದರೆ ತಟ್ಟೆ ತಿರುಗಲು ತಿಣುಕುವ, ಅಥವಾ ತಿರುಗಿದರೂ ತನ್ನದೇ ಮಾಹಿತಿಯನ್ನು ಓದಿಕೊಳ್ಳಲಾಗದ ಡಿಸ್ಕ್ ಇದ್ದರೆ ಫರ್ಮ್‌ವೇರ್ ಆ ಅವಧಿ ಮುಗಿಯುವ ತನಕ ಕಾದು, ಸಾಧನವನ್ನು ಮರುಹೊಂದಿಸಿ ಮತ್ತೆ ಪ್ರಯತ್ನಿಸುತ್ತದೆ. ಎರಡು ಸುತ್ತು ಹೀಗಾದರೆ ಒಂದು ನಿಮಿಷ ಹೋದಂತೆಯೇ. ಅನಂತರ ವಿಂಡೋಸ್ ಬಂದು ಅದೇ ಕಥೆಯನ್ನು ಮೊದಲಿನಿಂದ ಆರಂಭಿಸುತ್ತದೆ.

ಇಲ್ಲಿ ‘ಹೊಸ ಡಿಸ್ಕ್’ ಎಂಬ ಮಾತನ್ನು ಸ್ವಲ್ಪ ಅನುಮಾನದಿಂದ ನೋಡಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ತಂದ ಡಿಸ್ಕ್ ಒಂದು ಬಗೆ. ಹಳೆಯ ಗಣಕದಿಂದ ಬಿಚ್ಚಿ, ಅದರಲ್ಲಿರುವ ಕಡತಗಳು ಬೇಕೆಂದು ಹೊಸ ಗಣಕಕ್ಕೆ ಎರಡನೆಯದಾಗಿ ಜೋಡಿಸಿದ ಡಿಸ್ಕ್ ಇನ್ನೊಂದು ಬಗೆ. ಯಂತ್ರದ ದೃಷ್ಟಿಯಲ್ಲಿ ಎರಡೂ ಹೊಸವೇ. ಎರಡನೆಯ ಬಗೆಯದು ಎಂಟು ಹತ್ತು ವರ್ಷ ದುಡಿದು ದಣಿದಿರುವ ಸಂಭವವೇ ಹೆಚ್ಚು. ಮನೆಬಳಕೆಯ ಸಾಮಾನ್ಯ ಡಿಸ್ಕ್‌ಗಳು ಓದಲಾಗದ ಸೆಕ್ಟರ್ ಎದುರಾದಾಗ ಬೇಗನೆ ಸೋಲೊಪ್ಪುವುದಿಲ್ಲ. ಒಂದೇ ಸೆಕ್ಟರ್‌ಗಾಗಿ ನಿಮಿಷಕ್ಕೂ ಮೀರಿ ಹೆಣಗಾಡಬಲ್ಲವು. ರೇಡ್ ವ್ಯವಸ್ಥೆಗೆಂದೇ ತಯಾರಾದ ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೇ ಕೈಚೆಲ್ಲಿ ದೋಷ ವರದಿ ಮಾಡುವಂತೆ ಹೊಂದಿಸಲ್ಪಟ್ಟಿರುವುದು ಈ ಕಾರಣದಿಂದಲೇ.

ಅನುಮಾನ ಪರಿಹಾರಕ್ಕೆ ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಎಂಬ ಆರೋಗ್ಯಪತ್ರವನ್ನು ನೋಡಬಹುದು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವೂ ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಆದೇಶವೂ ಇದನ್ನು ಓದಿ ತೋರಿಸುತ್ತವೆ. ಸಾಟಾ ಡಿಸ್ಕ್‌ಗಳಲ್ಲಿ ಗಮನಿಸಬೇಕಾದ ಸಾಲುಗಳು ಮುಖ್ಯವಾಗಿ ನಾಲ್ಕು. 5ನೆಯದು ಕೆಟ್ಟು ಬದಲಿಗೊಂಡ ಸೆಕ್ಟರ್‌ಗಳ ಸಂಖ್ಯೆ. 197 ಎಂಬುದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳದು, 198 ಸರಿಪಡಿಸಲಾಗದವುಗಳದು. ಈ ಮೂರರಲ್ಲಿ ಸೊನ್ನೆಯಲ್ಲದ ಅಂಕಿ ಕಂಡು, ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕ್‌ನ ಆಯುಸ್ಸು ಮುಗಿಯುತ್ತ ಬಂತೆಂದೇ ತಿಳಿಯಬೇಕು. ಅಂಥ ಡಿಸ್ಕ್ ಮೇಲೆ ಮೊದಲು ಚೆಕ್‌ಡಿಸ್ಕ್ ಓಡಿಸುವುದು ಅಪಾಯಕರ. ಇಡೀ ತಟ್ಟೆಯನ್ನು ಕೆದಕುವ ಆ ಪರೀಕ್ಷೆಯೇ ಕೊನೆಯ ಹೊಡೆತವಾದೀತು. ಮುಖ್ಯವಾದ ಕಡತಗಳನ್ನು ಮೊದಲು, ಉಳಿದವನ್ನು ಅನಂತರ ಬೇರೆಡೆಗೆ ಸಾಗಿಸಿದ ಮೇಲಷ್ಟೇ ಪರೀಕ್ಷೆಗಳ ಮಾತು.

ನಾಲ್ಕನೆಯ ಸಾಲು, ಅಂದರೆ 199, ಬೇರೆಯದೇ ಕಥೆ ಹೇಳುತ್ತದೆ. ಅದು ಡಿಸ್ಕ್‌ಗೂ ಮದರ್‌ಬೋರ್ಡಿಗೂ ನಡುವೆ ದತ್ತಾಂಶ ಸಾಗುವಾಗ ಸಂಭವಿಸಿದ ದೋಷಗಳ ಎಣಿಕೆ. ಇದು ಏರುತ್ತಿದ್ದರೆ ಡಿಸ್ಕ್ ಬಹುಶಃ ನಿರಪರಾಧಿ; ತಪ್ಪು ಕೇಬಲ್‌ನದ್ದು. ಹೊಸ ಭಾಗ ಜೋಡಿಸುವ ಭರದಲ್ಲಿ ಹಳೆಯ ಕೇಬಲ್ಲನ್ನು ಬಾಗಿಸಿದ, ಎಳೆದ ಅಥವಾ ಅರ್ಧ ಮಾತ್ರ ಚುಚ್ಚಿದ ಫಲವಿದು. ಕೆಲವು ನೂರು ರೂಪಾಯಿಯೊಳಗಿನ ಕೇಬಲ್ ಬದಲಾಯಿಸಿದರೆ ತೊಂದರೆ ನೀಗಬಹುದು. ಈ ಎಣಿಕೆ ಎಂದೂ ಸೊನ್ನೆಗೆ ಮರಳುವುದಿಲ್ಲವಾದ್ದರಿಂದ, ಇಂದಿನ ಅಂಕಿಯನ್ನು ಬರೆದಿಟ್ಟುಕೊಂಡು ಕೇಬಲ್ ಬದಲಿಸಿದ ನಂತರವೂ ಏರುತ್ತಿದೆಯೇ ಎಂದು ನೋಡಬೇಕು. ಮೇಲೆ ಹೇಳಿದ ತಂತ್ರಾಂಶ ಮೂಲ ಅಂಕಿಗಳನ್ನು ಹದಿನಾರರ ಪದ್ಧತಿಯಲ್ಲಿ ತೋರಿಸುವುದರಿಂದ ಹೊಸಬರು ಗಾಬರಿಯಾಗುವುದುಂಟು. ದಶಮಾನಕ್ಕೆ ಬದಲಿಸಿಕೊಳ್ಳುವ ಆಯ್ಕೆ ಅದರಲ್ಲೇ ಇದೆ.

ಕೇಬಲ್‌ನ ಸಮಸ್ಯೆ ಇಂದಿನದಲ್ಲ. ಅಗಲವಾದ ಪಟ್ಟಿಯಂಥ ಐಡಿಇ ಕೇಬಲ್‌ಗಳ ಯುಗದಲ್ಲಿ ಹಾರ್ಡ್ ಡಿಸ್ಕ್ ಇದ್ದ ಕೇಬಲ್‌ಗೇ ಹೊಸ ಸಿಡಿ ರೈಟರ್ ಜೋಡಿಸಿ ಯಂತ್ರ ಕುಂಟತೊಡಗಿದ ನಿದರ್ಶನಗಳು ಬೇಕಾದಷ್ಟು. ಜಂಪರ್ ತಪ್ಪಿದ್ದರೆ ಎರಡೂ ಸಾಧನಗಳು ತಾನೇ ಮಾಸ್ಟರ್ ಎಂದು ಹಟ ಹಿಡಿಯುತ್ತಿದ್ದವು. ವೇಗದ ವರ್ಗಾವಣೆಗೆ 80 ತಂತಿಗಳ ಕೇಬಲ್ ಬೇಕಿದ್ದಲ್ಲಿ 40 ತಂತಿಗಳದ್ದನ್ನೇ ಬಳಸಲಾಗುತ್ತಿತ್ತು. ವಿಂಡೋಸ್ ಎಕ್ಸ್‌ಪಿಯಂತೂ ಒಟ್ಟು ಆರು ದೋಷಗಳು ಕಂಡುಬಂದೊಡನೆ ಡಿಎಂಎ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ, ಕೊನೆಗೆ ಅತಿ ನಿಧಾನವಾದ ಪಿಐಒ ವಿಧಾನಕ್ಕೆ ತಂದು ನಿಲ್ಲಿಸುತ್ತಿತ್ತು. ಕೇಬಲ್ ಬದಲಿಸಿದ ಮೇಲೂ ತಾನಾಗಿ ಮೇಲೇರುತ್ತಿರಲಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಐಡಿಇ ಚಾನೆಲ್ಲನ್ನು ಅಳಿಸಿ ಮರುಚಾಲನೆ ಮಾಡಬೇಕಿತ್ತು. ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ರಂದೇ ಮುಗಿದಿದ್ದರೂ ಯಾವುದೋ ಹಳೆಯ ತಂತ್ರಾಂಶಕ್ಕಾಗಿ ಅಂಥ ಯಂತ್ರ ಉಳಿಸಿಕೊಂಡವರಿಗೆ ಈ ಉಪಾಯ ಈಗಲೂ ಕೆಲಸಕ್ಕೆ ಬರುತ್ತದೆ.

ಎಸ್‌ಎಸ್‌ಡಿ ಹಾಕಿದರೂ ವೇಗ ಏರಲಿಲ್ಲವೇ?

ತುಂಬ ಸಾಮಾನ್ಯವಾದ, ಆದರೆ ಬೇಗ ಹೊಳೆಯದ ಪ್ರಕರಣವೊಂದಿದೆ. ಹಳೆಯ ಹಾರ್ಡ್ ಡಿಸ್ಕ್‌ನ ಯಥಾಪ್ರತಿಯನ್ನು ಎಸ್‌ಎಸ್‌ಡಿಗೆ ಇಳಿಸಿ, ಎರಡನ್ನೂ ಯಂತ್ರದಲ್ಲೇ ಉಳಿಸಿದ ಬಳಕೆದಾರರು ‘ಎಸ್‌ಎಸ್‌ಡಿಯಿಂದ ಏನೂ ವ್ಯತ್ಯಾಸವಾಗಲಿಲ್ಲ’ ಎಂದು ದೂರುತ್ತಾರೆ. ಪರಿಶೀಲಿಸಿದರೆ ಫರ್ಮ್‌ವೇರ್‌ನ ಸರದಿಯಲ್ಲಿ ಹಳೆಯ ಡಿಸ್ಕೇ ಮೊದಲಿದ್ದು, ಯಂತ್ರ ಇನ್ನೂ ಅದರಲ್ಲಿರುವ ವಿಂಡೋಸ್‌ನಿಂದಲೇ ಏಳುತ್ತಿರುತ್ತದೆ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ವಿಭಾಗ ಯಾವ ಡಿಸ್ಕ್‌ನಲ್ಲಿದೆ ಎಂದು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಬಯೋಸ್ ಹೊಂದಾಣಿಕೆಯಲ್ಲಿ ಬೂಟ್ ಸರದಿಯನ್ನು ಬದಲಿಸಿ, ಹಳೆಯ ಡಿಸ್ಕ್‌ನ ಕೇಬಲ್ ಕಳಚಿ, ಎಸ್‌ಎಸ್‌ಡಿ ಒಂದರಿಂದಲೇ ಯಂತ್ರ ಏಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಖಚಿತಪಡಿಸಿಕೊಳ್ಳದೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಮಾತ್ರ ಸಲ್ಲದು. ಎಸ್‌ಎಸ್‌ಡಿಯಲ್ಲಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸುವಾಗ ಹಳೆಯ ಡಿಸ್ಕ್ ಕೂಡ ಜೋಡಣೆಯಾಗಿದ್ದಲ್ಲಿ, ಚಾಲನೆಗೆ ಬೇಕಾದ ಇಎಫ್‌ಐ ಎಂಬ ಪುಟ್ಟ ವಿಭಾಗ ಹಳೆಯದರಲ್ಲೇ ಉಳಿದುಕೊಳ್ಳುವುದುಂಟು. ಆಗ ವಿಂಡೋಸ್ ಇರುವುದು ಒಂದರಲ್ಲಿ, ಅದರ ಬೀಗದಕೈ ಇನ್ನೊಂದರಲ್ಲಿ. ಹಳೆಯ ಡಿಸ್ಕ್ ಎಚ್ಚರಗೊಳ್ಳುವವರೆಗೆ ಎಸ್‌ಎಸ್‌ಡಿ ಕಾಯಬೇಕು. ಹಳೆಯದನ್ನು ಅಳಿಸಿದರೆ ಯಂತ್ರ ಏಳುವುದೇ ಇಲ್ಲ. ಸ್ಥಾಪನೆಯ ವೇಳೆ ಬೇಕಾದ ಡಿಸ್ಕ್ ಒಂದನ್ನೇ ಜೋಡಿಸಿಕೊಳ್ಳುವುದು ಈ ತಲೆನೋವಿಗೆ ಸುಲಭದ ಮದ್ದು. ಇದೇ ಸಂದರ್ಭದಲ್ಲಿ ಬಯೋಸ್‌ನ ಐಡಿಇ, ಎಎಚ್‌ಸಿಐ, ರೇಡ್ ಆಯ್ಕೆಗಳನ್ನು ವೇಗ ಹೆಚ್ಚೀತೆಂದು ಬದಲಿಸಿ ನೋಡುವ ಚಪಲವನ್ನೂ ತಡೆಯಬೇಕು. ಸಿದ್ಧತೆಯಿಲ್ಲದೆ ಬದಲಿಸಿದರೆ ವಿಂಡೋಸ್ ತನ್ನದೇ ಡಿಸ್ಕನ್ನು ಗುರುತಿಸಲಾರದೆ ನೀಲಿ ಪರದೆ ತೋರಿಸೀತು. ಹಳೆಯ ಆಯ್ಕೆಗೆ ಮರಳಿಸಿದರೆ ಸಾಮಾನ್ಯವಾಗಿ ಎಲ್ಲವೂ ಸರಿಹೋಗುತ್ತದೆ.

ರ‍್ಯಾಮ್ ಮತ್ತು ಕಪ್ಪು ಪರದೆ

ಹೊಸ ರ‍್ಯಾಮ್ ಹಾಕಿದ ಮೇಲೆ ಪರದೆ ಕಪ್ಪಾಗಿಯೇ ಉಳಿಯುವುದಕ್ಕೆ ಇತ್ತೀಚಿನ ಯಂತ್ರಗಳಲ್ಲಿ ನ್ಯಾಯವಾದ ಕಾರಣವೇ ಇದೆ. 2020ರಲ್ಲಿ ಮಾನಕ ಪ್ರಕಟವಾದ ಡಿಡಿಆರ್5 ರ‍್ಯಾಮ್‌ನ ವೇಗ ಎಷ್ಟೆಂದರೆ, ಸಂಕೇತಗಳು ತಂತಿಯಲ್ಲಿ ಸಾಗುವಾಗ ಆಗುವ ಅತಿ ಸೂಕ್ಷ್ಮ ಏರುಪೇರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರತಿ ಮದರ್‌ಬೋರ್ಡ್, ಪ್ರತಿ ಪ್ರೊಸೆಸರ್, ಪ್ರತಿ ರ‍್ಯಾಮ್ ಪಟ್ಟಿಯ ಜೋಡಿಗೆ ಹೊಂದುವ ಕಾಲಮಾನವನ್ನು ಫರ್ಮ್‌ವೇರ್ ಪ್ರಯೋಗ ಮಾಡಿಯೇ ಕಂಡುಕೊಳ್ಳಬೇಕು. ಈ ಅಭ್ಯಾಸಕ್ಕೆ ಮೆಮೊರಿ ಟ್ರೈನಿಂಗ್ ಎಂದು ಹೆಸರು. 2022ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ, ಡಿಡಿಆರ್5 ಮಾತ್ರ ಒಪ್ಪುವ ಎಎಂಡಿಯ ಎಎಂ5 ಯಂತ್ರಗಳಲ್ಲಿ ಮೊದಲ ಚಾಲನೆಗೆ ಹಲವು ನಿಮಿಷಗಳೇ ಹಿಡಿದು, ಬಳಕೆದಾರರು ರ‍್ಯಾಮ್ ಸುಟ್ಟಿತೆಂದೇ ಭಾವಿಸಿದ್ದುಂಟು. ಗಾಬರಿಯಿಂದ ಗುಂಡಿ ಒತ್ತಿ ಆರಿಸಿದರೆ ಅಭ್ಯಾಸ ಮತ್ತೆ ಮೊದಲಿನಿಂದ. ಮದರ್‌ಬೋರ್ಡಿನ ಮೇಲೆ ರ‍್ಯಾಮ್ ಹೆಸರಿನ ಸಣ್ಣ ದೀಪ ಉರಿಯುತ್ತಿದ್ದರೆ ಹತ್ತು ಹದಿನೈದು ನಿಮಿಷ ಕಾಯುವ ತಾಳ್ಮೆ ಬೇಕು.

ಪ್ರತಿ ಬಾರಿಯೂ ಹೀಗೇ ಆದರೆ ಬಯೋಸ್‌ನಲ್ಲಿ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಎಂಬ ಆಯ್ಕೆಯನ್ನು ಹುಡುಕಬೇಕು. ಒಮ್ಮೆ ಕಲಿತದ್ದನ್ನು ನೆನಪಿಟ್ಟುಕೊಂಡು ಮುಂದಿನ ಚಾಲನೆಗಳಲ್ಲಿ ಅದನ್ನೇ ಬಳಸುವಂತೆ ಅದು ಮಾಡುತ್ತದೆ. ಅದನ್ನು ಸಕ್ರಿಯಗೊಳಿಸಿದ ನಂತರ ಯಂತ್ರ ನಡುನಡುವೆ ಸ್ಥಗಿತಗೊಳ್ಳತೊಡಗಿದರೆ ಮೊದಲಿನಂತೆ ಮಾಡಿ, ತಡವಾದ ಚಾಲನೆಯನ್ನೇ ಒಪ್ಪಿಕೊಳ್ಳುವುದು ಲೇಸು.

ಪಟ್ಟಿಗಳ ಸಂಖ್ಯೆಯೂ ಮುಖ್ಯ. ಎರಡಿದ್ದಲ್ಲಿ ಇನ್ನೆರಡು ಸೇರಿಸಿದರೆ ಒಟ್ಟು ಗಾತ್ರ ಹೆಚ್ಚೀತು, ವೇಗ ಕುಗ್ಗೀತು. ರೈಜನ್ 7000 ಸರಣಿಯ ಪ್ರೊಸೆಸರ್‌ಗಳಿಗೆ ಎಎಂಡಿ ಖಾತರಿ ಕೊಡುವ ವೇಗ ಎರಡು ಪಟ್ಟಿಗಳಿಗೆ 5200, ನಾಲ್ಕಕ್ಕೆ ಕೇವಲ 3600. ಅಭ್ಯಾಸದ ಅವಧಿಯೂ ನಾಲ್ಕು ಪಟ್ಟಿಗಳಿಗೆ ಹೆಚ್ಚು. ಬೇರೆ ಬೇರೆ ವೇಗದ, ಬೇರೆ ಬೇರೆ ಕಂಪನಿಗಳ ಪಟ್ಟಿಗಳನ್ನು ಬೆರೆಸಿ, ಅದರ ಮೇಲೆ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಹೆಚ್ಚುವೇಗದ ಆಯ್ಕೆಯನ್ನೂ ಸಕ್ರಿಯಗೊಳಿಸಿದರೆ ಯಂತ್ರ ಎರಡು ಮೂರು ಬಾರಿ ತಾನಾಗಿ ಆರಿ ಹೊತ್ತಿ, ಕೊನೆಗೆ ಸೋತು ಸಾಮಾನ್ಯ ವೇಗದಲ್ಲಿ ಏಳುತ್ತದೆ. ವಿಳಂಬ ಅಲ್ಲಿಯದೇ. ಎರಡೇ ಪಟ್ಟಿಗಳಿದ್ದರೆ ಬಹುತೇಕ ಮದರ್‌ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ತೋಡುಗಳಲ್ಲಿ ಕೂರಿಸಬೇಕು. ಜೊತೆಗೆ ಬಂದ ಕೈಪಿಡಿಯಲ್ಲಿ ಇದರ ಚಿತ್ರ ಇದ್ದೇ ಇರುತ್ತದೆ, ತೆರೆದು ನೋಡುವವರು ಕಡಿಮೆ.

ಕಾರ್ಡ್‌ಗಳು, ಯುಎಸ್‌ಬಿ ಸಾಧನಗಳು

ಗ್ರಾಫಿಕ್ಸ್, ರೇಡ್ ಹಾಗೂ ನೆಟ್‌ವರ್ಕ್ ಕಾರ್ಡ್‌ಗಳು ತಮ್ಮದೇ ಪುಟ್ಟ ಫರ್ಮ್‌ವೇರ್ ಹೊತ್ತು ತರುತ್ತವೆ. ಮದರ್‌ಬೋರ್ಡ್ ಅದನ್ನು ಓಡಿಸಿ ಮುಗಿಸುವ ತನಕ ಮುಂದೆ ಸಾಗದು. ಸರ್ವರ್‌ಗಳಿಂದ ಬಿಚ್ಚಿ ಅಗ್ಗಕ್ಕೆ ಮಾರುವ ರೇಡ್ ಕಾರ್ಡ್‌ಗಳು ಇದಕ್ಕೆ ಕುಖ್ಯಾತ. ತಮ್ಮ ಎಲ್ಲ ತುದಿಗಳಲ್ಲಿ ಡಿಸ್ಕ್ ಹುಡುಕುವ ಕೆಲಸವನ್ನು ಅವು ಬಿಡುವಾಗಿ ಮಾಡುತ್ತವೆ. ಆ ಡಿಸ್ಕ್‌ಗಳಿಂದ ವಿಂಡೋಸ್ ಏಳಬೇಕಿಲ್ಲದಿದ್ದಲ್ಲಿ ಬಯೋಸ್‌ನಲ್ಲಿ ಆ ತೋಡಿನ ಆಪ್ಷನ್ ರಾಮ್ ನಿಷ್ಕ್ರಿಯಗೊಳಿಸಬಹುದು. ಯುಇಎಫ್‌ಐ ಬೆಂಬಲವಿಲ್ಲದ ತೀರ ಹಳೆಯ ಗ್ರಾಫಿಕ್ಸ್ ಕಾರ್ಡ್ ಸೇರಿಸಿದಾಗ ಇಡೀ ಯಂತ್ರವೇ ಸಿಎಸ್‌ಎಂ ಎಂಬ ಹಳೆಯ ಹೊಂದಾಣಿಕೆಯ ವಿಧಾನಕ್ಕೆ ಇಳಿಯಬೇಕಾಗುತ್ತದೆ, ಚಾಲನೆ ತಡವಾಗುತ್ತದೆ. ನೆಟ್‌ವರ್ಕ್ ಕಾರ್ಡ್ ಸೇರಿದ ಬಳಿಕ ಕಪ್ಪು ಪರದೆಯ ಮೇಲೆ ಪಿಎಕ್ಸ್‌ಇ ಎಂಬ ಅಕ್ಷರಗಳೊಂದಿಗೆ ‘ಚೆಕ್ ಕೇಬಲ್’ ಎಂಬಂಥ ಸಂದೇಶ ಕಂಡರೆ, ಯಂತ್ರ ಜಾಲದ ಮೂಲಕ ಏಳಲು ಯತ್ನಿಸುತ್ತಿದೆ ಎಂದರ್ಥ. ಬೂಟ್ ಸರದಿಯಿಂದ ನೆಟ್‌ವರ್ಕನ್ನು ತೆಗೆದರಾಯಿತು.

ಯುಎಸ್‌ಬಿ ಸಾಧನಗಳನ್ನು ಅನುಮಾನಿಸುವವರು ವಿರಳ, ಹೊರಗಿರುವುದರಿಂದ ಅವು ಯಂತ್ರದ ಭಾಗವೆಂದೇ ಅನ್ನಿಸುವುದಿಲ್ಲ. ಆದರೆ ಪೆನ್ ಡ್ರೈವ್, ಕಾರ್ಡ್ ರೀಡರ್, ಕಾರ್ಡ್ ತೂರಿಸುವ ಕಿಂಡಿಯಿರುವ ಪ್ರಿಂಟರ್, ಚಾರ್ಜ್‌ಗೆಂದು ಚುಚ್ಚಿದ ಮೊಬೈಲ್ ಇವೆಲ್ಲವೂ ಫರ್ಮ್‌ವೇರ್ ಕಣ್ಣಿಗೆ ಡಿಸ್ಕ್‌ಗಳಂತೆ ಕಂಡಾವು. ತನ್ನಿಂದ ಏಳಬಹುದೇ ಎಂದು ಪ್ರತಿಯೊಂದನ್ನೂ ಕೇಳಲಾಗುತ್ತದೆ. ಎರಡನೆಯ ತೊಡಕು ವಿದ್ಯುತ್ತಿನದು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದುದು 500 ಮಿಲಿ ಆಂಪಿಯರ್, 3.0 ಆದರೆ 900. ತಟ್ಟೆ ತಿರುಗುವ ಪೋರ್ಟಬಲ್ ಡಿಸ್ಕ್ ಒಂದನ್ನು ಪೆಟ್ಟಿಗೆಯ ಮುಂಭಾಗದ ಹಳೆಯ ಕಿಂಡಿಗೋ ಸ್ವಂತ ಅಡಾಪ್ಟರ್ ಇಲ್ಲದ ಹಬ್‌ಗೋ ಜೋಡಿಸಿದರೆ ಅದು ಟಿಕ್ ಟಿಕ್ ಸದ್ದು ಮಾಡುತ್ತ ಮತ್ತೆ ಮತ್ತೆ ಆರಂಭಗೊಳ್ಳಲು ಹೆಣಗುತ್ತದೆ. ಯಂತ್ರ ಅದಕ್ಕಾಗಿ ಕಾಯುತ್ತದೆ. ಕೀಲಿಮಣೆ, ಮೌಸ್ ಎರಡನ್ನುಳಿದು ಮಿಕ್ಕೆಲ್ಲ ಯುಎಸ್‌ಬಿ ಸಾಧನಗಳನ್ನು ಕಳಚಿ ಒಮ್ಮೆ ಚಾಲನೆ ಮಾಡಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಪೆಟ್ಟಿಗೆ ಬಿಚ್ಚುವ ಮೊದಲೇ ಇದನ್ನು ಮಾಡತಕ್ಕದ್ದು.

ಪೆಟ್ಟಿಗೆ ಬಿಚ್ಚಿದ ಮೇಲಿನ ಪರೀಕ್ಷೆಯೂ ಇದೇ ತತ್ತ್ವದ್ದು. ಹೊಸ ಭಾಗವನ್ನು ತೆಗೆದು ಸಮಯ ಅಳೆಯಬೇಕು, ಮರಳಿ ಹಾಕಿ ಅಳೆಯಬೇಕು, ಸಾಧ್ಯವಾದರೆ ಬೇರೆ ತೋಡಿನಲ್ಲಿ, ಬೇರೆ ಕೇಬಲ್‌ನಲ್ಲಿ ಹಾಕಿ ಮತ್ತೊಮ್ಮೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಒಟ್ಟಿಗೆ ಮೂರು ಭಾಗ ಸೇರಿಸಿದ್ದವರು ಮೂರನ್ನೂ ತೆಗೆದು ಒಂದೊಂದಾಗಿ ಸೇರಿಸುತ್ತ ಬರಬೇಕು. ಡಿಸ್ಕ್ ಕಳಚುವಾಗ ದತ್ತಾಂಶದ ಕೇಬಲ್ ಮಾತ್ರವಲ್ಲ, ವಿದ್ಯುತ್ ಕೇಬಲ್ಲನ್ನೂ ತೆಗೆಯಬೇಕು. ಹಳೆಯ ಯಂತ್ರವಾದರೆ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯತ್ತಲೂ ಒಂದು ಕಣ್ಣಿರಲಿ. ಅದು ಬರಿದಾಗಿದ್ದರೆ ಬಯೋಸ್‌ನ ಹೊಂದಾಣಿಕೆಗಳು ಪ್ರತಿ ರಾತ್ರಿ ಮರೆತುಹೋಗಿ, ಪ್ರತಿ ಬೆಳಿಗ್ಗೆ ಹಾಜರಿ ಮೊದಲಿನಿಂದ ನಡೆಯುತ್ತದೆ. ಗಡಿಯಾರ ತಪ್ಪು ತೋರಿಸುವುದು ಇದರ ಗುರುತು.

ವಿಂಡೋಸ್ ಬರೆದಿಡುವ ದಿನಚರಿ

ವಿಳಂಬ ಎರಡನೆಯ ಘಟ್ಟದ್ದೆಂದು ತಿಳಿದರೆ ಊಹೆಗಳ ಅಗತ್ಯವಿಲ್ಲ, ವಿಂಡೋಸ್ ಎಲ್ಲವನ್ನೂ ಬರೆದಿಟ್ಟಿರುತ್ತದೆ. ಇವೆಂಟ್ ವ್ಯೂವರ್ ತೆರೆದು, ಅಪ್ಲಿಕೇಶನ್ಸ್ ಅಂಡ್ ಸರ್ವೀಸಸ್ ಲಾಗ್ಸ್, ಅದರೊಳಗೆ ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್, ಕೊನೆಗೆ ಆಪರೇಷನಲ್ ಎಂಬಲ್ಲಿಗೆ ಇಳಿಯಬೇಕು. 100 ಸಂಖ್ಯೆಯ ನಮೂದು ಒಟ್ಟು ಚಾಲನಾ ಸಮಯವನ್ನು ಮಿಲಿ ಸೆಕೆಂಡುಗಳಲ್ಲಿ ಹೇಳುತ್ತದೆ. 101 ತಡಮಾಡಿದ ಅನ್ವಯ ತಂತ್ರಾಂಶದ್ದು, 102 ಚಾಲಕದ್ದು, 103 ಸೇವೆಯದ್ದು. ಈ ಲೇಖನದ ವಿಷಯಕ್ಕೆ ಹೆಚ್ಚು ಸಂಬಂಧಿಸಿದ್ದು 109: ಸಿದ್ಧಗೊಳ್ಳಲು ವಾಡಿಕೆಗಿಂತ ಹೆಚ್ಚು ಹೊತ್ತು ತೆಗೆದುಕೊಂಡ ಸಾಧನದ ಹೆಸರು ಅದರಲ್ಲೇ ಇರುತ್ತದೆ. ಸಿಸ್ಟಂ ಎಂಬ ಬೇರೊಂದು ದಾಖಲೆಯಲ್ಲಿ 129 ಸಂಖ್ಯೆಯ ‘ರೀಸೆಟ್ ಟು ಡಿವೈಸ್’ ನಮೂದುಗಳು ಸಾಲಾಗಿ ಕಂಡರೆ, ಡಿಸ್ಕ್ ಉತ್ತರಿಸದೆ ವಿಂಡೋಸ್ ಅದನ್ನು ಮತ್ತೆ ಮತ್ತೆ ಎಬ್ಬಿಸುತ್ತಿದೆ ಎಂದು ತಿಳಿಯಬೇಕು. 7 ಮತ್ತು 153 ಸಂಖ್ಯೆಗಳೂ ಡಿಸ್ಕ್‌ನತ್ತಲೇ ಬೆರಳು ಮಾಡುತ್ತವೆ.

ಸಾಧನ ನಿರ್ದೋಷಿಯಾಗಿದ್ದು ಅದರೊಂದಿಗೆ ಬಂದ ತಂತ್ರಾಂಶ ಕಾಟ ಕೊಡುವುದೂ ಉಂಟು. ಬಣ್ಣದ ದೀಪ ನಿಯಂತ್ರಿಸಲು ಒಂದು, ಫ್ಯಾನ್‌ಗೆ ಒಂದು, ನವೀಕರಣ ಹುಡುಕಲು ಇನ್ನೊಂದು, ಪ್ರಿಂಟರ್‌ನ ಶಾಯಿ ಎಷ್ಟಿದೆಯೆಂದು ಹೇಳಲು ಮತ್ತೊಂದು. ಇವುಗಳಲ್ಲಿ ಮುಕ್ಕಾಲುಪಾಲು ಪ್ರತಿ ಚಾಲನೆಯಲ್ಲಿ ಏಳಬೇಕಾದ ಅಗತ್ಯವೇ ಇಲ್ಲ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ಅವನ್ನು ನಿಷ್ಕ್ರಿಯಗೊಳಿಸಬಹುದು.

ಲಿನಕ್ಸ್ ಬಳಸುವವರ ಕೆಲಸ ಇನ್ನೂ ಹಗುರ. ಸಿಸ್ಟಮ್‌ಡಿ-ಅನಲೈಜ್ ಎಂಬ ಆದೇಶ ಫರ್ಮ್‌ವೇರ್, ಕರ್ನಲ್, ಉಳಿದ ಸೇವೆಗಳ ಸಮಯವನ್ನು ಪ್ರತ್ಯೇಕವಾಗಿ ಹೇಳುತ್ತದೆ, ಅದಕ್ಕೆ ಬ್ಲೇಮ್ ಎಂಬ ಪದ ಸೇರಿಸಿದರೆ ತಡಮಾಡಿದವರ ಪಟ್ಟಿಯನ್ನೇ ಕೊಡುತ್ತದೆ. ಚಾಲನೆ ಸರಿಯಾಗಿ ಒಂದೂವರೆ ನಿಮಿಷ ನಿಂತು ಮುಂದುವರಿಯುತ್ತಿದ್ದರೆ ಕಾರಣ ಬಹುಮಟ್ಟಿಗೆ ಎಫ್‌ಎಸ್‌ಟ್ಯಾಬ್ ಕಡತ. ತೆಗೆದುಹಾಕಿದ ಅಥವಾ ಫಾರ್ಮ್ಯಾಟ್ ಆದ ಡಿಸ್ಕ್‌ನ ಗುರುತು ಅದರಲ್ಲಿ ಹಾಗೇ ಉಳಿದಿದ್ದು, ಬಾರದ ಅತಿಥಿಗಾಗಿ ವ್ಯವಸ್ಥೆ 90 ಸೆಕೆಂಡು ಕಾಯುತ್ತದೆ. ಆ ಸಾಲನ್ನು ತಿದ್ದಬೇಕು, ಇಲ್ಲವೇ ಅದಕ್ಕೆ ನೋಫೇಲ್ ಎಂಬ ಆಯ್ಕೆಯನ್ನೂ ಕಾಯುವ ಅವಧಿಯ ಮಿತಿಯನ್ನೂ ಸೇರಿಸಬೇಕು.

ಬಯೋಸ್ ನವೀಕರಣಕ್ಕೆ ಮುನ್ನ

ರ‍್ಯಾಮ್ ಅಭ್ಯಾಸದ ವಿಳಂಬ, ಹೊಸ ಎಸ್‌ಎಸ್‌ಡಿ ಗುರುತಿಸುವಲ್ಲಿನ ತಡ ಮುಂತಾದವು ಮದರ್‌ಬೋರ್ಡ್ ತಯಾರಕರು ಹೊರಡಿಸುವ ಹೊಸ ಬಯೋಸ್‌ನಿಂದ ಕಡಿಮೆಯಾಗುವ ಸಾಧ್ಯತೆ ಇದೆ. ಅದನ್ನು ಮದರ್‌ಬೋರ್ಡ್‌ನ ನಿಖರ ಮಾದರಿ ಸಂಖ್ಯೆ ನೋಡಿಕೊಂಡು ತಯಾರಕರ ತಾಣದಿಂದಲೇ ಪಡೆಯಬೇಕು. ನವೀಕರಣದ ಮಧ್ಯೆ ವಿದ್ಯುತ್ ಹೋದರೆ ಮದರ್‌ಬೋರ್ಡ್ ನಿರುಪಯೋಗಿಯಾಗುವ ಅಪಾಯವಿದ್ದು, ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕುವುದು ವಿವೇಕವಲ್ಲ. ಹೊಂದಾಣಿಕೆಗಳೆಲ್ಲ ಮೂಲಸ್ಥಿತಿಗೆ ಮರಳುವುದರಿಂದ ಬೂಟ್ ಸರದಿ, ಡಿಸ್ಕ್ ವಿಧಾನ ಮೊದಲಾದ ಪುಟಗಳ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡರೆ ಅನುಕೂಲ.

ಡಿಸ್ಕ್ ಗೂಢಲಿಪೀಕರಣಗೊಂಡಿರುವ ಯಂತ್ರಗಳ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. 2024ರ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯೊಂದಿಗೆ ಬಳಸುವ ಬಹಳಷ್ಟು ಯಂತ್ರಗಳಲ್ಲಿ ಇದು ತಾನಾಗಿಯೇ ಜಾರಿಯಾಗಿರುತ್ತದೆ, ಎಷ್ಟೋ ಬಳಕೆದಾರರಿಗೆ ಅದರ ಅರಿವೂ ಇರುವುದಿಲ್ಲ. ಬಯೋಸ್ ಬದಲಾದಾಗ ಅಥವಾ ಬೂಟ್ ಸರದಿ ತಿದ್ದಿದಾಗ ಬಿಟ್‌ಲಾಕರ್ ಸಂಶಯಗೊಂಡು 48 ಅಂಕಿಗಳ ಕೀಲಿಯನ್ನು ಕೇಳೀತು. ಅದು ಇಲ್ಲದಿದ್ದರೆ ಡಿಸ್ಕ್ ಎಷ್ಟೇ ಆರೋಗ್ಯವಾಗಿದ್ದರೂ ಒಳಗಿನ ಕಡತಗಳು ದಕ್ಕುವುದಿಲ್ಲ. ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯ ಪುಟದಿಂದ ಮುಂಚಿತವಾಗಿ ಕಾಗದಕ್ಕೆ ಇಳಿಸಿಕೊಂಡು, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ರಕ್ಷಣೆಯನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಟ್ಟ ಮೇಲೆ ಬಯೋಸ್‌ಗೆ ಕೈಹಚ್ಚಬೇಕು. ಪೆಟ್ಟಿಗೆಯನ್ನು ಅಂಗಡಿಯವರ ಕೈಗೆ ಒಪ್ಪಿಸುವವರೂ ಈ ಕೀಲಿಯನ್ನು ಮನೆಯಲ್ಲೇ ಇಟ್ಟುಕೊಂಡು, ಕೇಳಿದಾಗ ತಾವೇ ಹೋಗಿ ಒತ್ತಿ ಬರುವುದು ಕ್ಷೇಮ.